ವೃದ್ಧಾಶ್ರಮದಲ್ಲಿ ಪಂಕ್ತಿ ಊಟ: ಹಿರಿಯರನ್ನು ಒಟ್ಟಿಗೆ ಕೂರಿಸಿ ಬಡಿಸುವ ಬಗೆ

ಉತ್ತರ ಕನ್ನಡದ ಕಡೆ ಪಂಕ್ತಿಯಲ್ಲಿ ಕೂತವರು ಕೊನೆಯವರ ಊಟ ಮುಗಿಯುವ ತನಕ ಏಳುವುದಿಲ್ಲ. ಮಜ್ಜಿಗೆಯನ್ನಕ್ಕೆ ತಡ ಮಾಡುವ ಒಬ್ಬ ಅಜ್ಜನಿಗಾಗಿ ಇಡೀ ಸಾಲು ಕೈ ಒಣಗಿಸಿಕೊಂಡು ಕಾಯುತ್ತದೆ. ಎಪ್ಪತ್ತೆಂಬತ್ತು ವರ್ಷ ಹೀಗೆ ಉಂಡವರನ್ನು ವೃದ್ಧಾಶ್ರಮಕ್ಕೆ ಕರೆತಂದು, ಮಂಚದ ಪಕ್ಕದ ಸ್ಟೂಲಿನ ಮೇಲೆ ಗುಳಿತಟ್ಟೆ ಇಟ್ಟು ಹೋದರೆ ಅರ್ಧಕ್ಕೇ ಕೈ ತೊಳೆಯುತ್ತಾರೆ. ‘ವಯಸ್ಸಾಯ್ತು, ಹಸಿವಿಲ್ಲ’ ಎಂದು ಪುಸ್ತಕದಲ್ಲಿ ಬರೆದಿಡುತ್ತೇವೆ. ಅದೇ ಅಜ್ಜಿ ಮಗಳು ಬಂದ ದಿನ ಎರಡು ಸೌಟು ಹೆಚ್ಚಿಗೆ ಉಂಡದ್ದನ್ನು ಯಾರೂ ಬರೆದಿಡುವುದಿಲ್ಲ.

ಇದು ಬರೀ ಭಾವುಕತೆಯ ಮಾತಲ್ಲ. ನೆದರ್ಲೆಂಡ್ಸಿನ 5 ಆರೈಕೆ ಕೇಂದ್ರಗಳಲ್ಲಿ 6 ತಿಂಗಳು ನಡೆಸಿದ ಪರೀಕ್ಷೆಯ ಫಲ 2006ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಮೊದಲಿನಂತೆ ತಟ್ಟೆಗೆ ಹಾಕಿ ತಂದ ಊಟ. ಇನ್ನೊಂದಕ್ಕೆ ಮೇಜಿಗೆ ಬಟ್ಟೆ ಹಾಸಿ, ಪಾತ್ರೆಗಳನ್ನು ನಡುವೆ ಇಟ್ಟು, ಸಿಬ್ಬಂದಿಯೂ ಜೊತೆಗೇ ಕೂತ ಊಟ. ಎರಡನೆಯ ಗುಂಪಿನವರ ತೂಕವೂ ಕೈಯ ಚುರುಕೂ ಮನಸ್ಸಿನ ಗೆಲುವೂ ಉಳಿದುಕೊಂಡವು. ಮೊದಲ ಗುಂಪಿನವರದು ಇಳಿಯುತ್ತ ಹೋಯಿತು. ನಮ್ಮ ಊರಿನವರಿಗೆ ಇದರಲ್ಲಿ ಹೊಸದೇನಿಲ್ಲ. ಪಂಕ್ತಿ ನಮ್ಮಲ್ಲಿ ಮೊದಲೇ ಇತ್ತು, ವೃದ್ಧಾಶ್ರಮ ಕಟ್ಟುವಾಗ ಹೊರಗೆ ಉಳಿಯಿತು, ಅಷ್ಟೆ.

ಶಿರಸಿ, ಕುಮಟಾ, ಕಾರವಾರದ ಕಡೆಯ 15–25 ಜನರ, ಒಬ್ಬ ಅಡುಗೆಯವರು, ಇಬ್ಬರು ಮೂವರು ಸಹಾಯಕರು ಇರುವ ಮನೆಗಳನ್ನು ಕಣ್ಣೆದುರು ಇಟ್ಟುಕೊಂಡು ಇದನ್ನು ಬರೆದಿದೆ.

ಮೊದಲ ವಾರ ಏನನ್ನೂ ಬದಲಿಸಬೇಡಿ

ಒಂದು ನೋಟ್‌ಬುಕ್ ಸಾಕು. ಪ್ರತಿಯೊಬ್ಬರಿಗೂ ಒಂದು ಪುಟ. ಮಧ್ಯಾಹ್ನ, ರಾತ್ರಿ ಎರಡೂ ಹೊತ್ತು ಮೂರು ವಿಷಯ ಬರೆಯಿರಿ: ಬಡಿಸಿದ್ದರಲ್ಲಿ ಉಂಡದ್ದು ಎಷ್ಟು (ಕಾಲು, ಅರ್ಧ, ಮುಕ್ಕಾಲು, ಪೂರ್ತಿ), ಎಷ್ಟು ನಿಮಿಷ ಹಿಡಿಯಿತು, ಪಕ್ಕದಲ್ಲಿ ಯಾರಿದ್ದರು. ಉಣ್ಣುವಾಗ ಕೆಮ್ಮಿದರೆ ಅದಕ್ಕೊಂದು ಗುರುತು ಹಾಕಿ. ತಟ್ಟೆ ಎತ್ತುವವರೇ ಬರೆಯಬೇಕು. ಸಂಜೆ ಕಚೇರಿಯಲ್ಲಿ ಕೂತು ನೆನಪಿನಿಂದ ತುಂಬಿಸಿದ ಪುಸ್ತಕದಲ್ಲಿ ಎಲ್ಲರೂ ‘ಪೂರ್ತಿ’ ಉಂಡಿರುತ್ತಾರೆ.

ಅದೇ ವಾರ ಎಲ್ಲರ ತೂಕ ನೋಡಿ. ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದ ಮೇಲೆ, ಆಸ್ರಿಗೆಗೆ (ಬೆಳಗಿನ ತಿಂಡಿಗೆ) ಮೊದಲು, ಅದೇ ತಕ್ಕಡಿ, ಹೆಚ್ಚುಕಮ್ಮಿ ಅಷ್ಟೇ ಬಟ್ಟೆ. ನಿಲ್ಲಲಾಗದವರಿಗೆ ಮೀನಖಂಡದ ದಪ್ಪಗಿನ ಭಾಗಕ್ಕೆ ಟೇಪು ಸುತ್ತಿ, 31 ಸೆಂ.ಮೀ.ಗಿಂತ ಕಡಿಮೆ ಬಂದರೆ ಪೋಷಣೆ ಸಾಲುತ್ತಿಲ್ಲವೆಂದು ಅನುಮಾನಿಸಬೇಕು. ಕಾಲು ಊದಿಕೊಂಡಿದ್ದರೆ ಈ ಅಳತೆ ನಂಬಬೇಡಿ. ಒಂದು ತಿಂಗಳಲ್ಲಿ ನೂರಕ್ಕೆ 5ರಷ್ಟು, ಆರು ತಿಂಗಳಲ್ಲಿ ನೂರಕ್ಕೆ 10ರಷ್ಟು ತೂಕ ತಾನಾಗಿ ಇಳಿದರೆ ಡಾಕ್ಟರಿಗೆ ತೋರಿಸುವುದೇ ಸರಿ. 50 ಕಿಲೋ ತೂಗುವ ಅಜ್ಜಿಗೆ ಒಂದು ತಿಂಗಳಲ್ಲಿ ಎರಡೂವರೆ ಕಿಲೋ ಎಂದರೆ ಸೀರೆ ಉಡಿಸುವವರ ಕೈಗೆ ಗೊತ್ತಾಗುವಷ್ಟು.

ಹೊತ್ತು

ಹೆಚ್ಚಿನ ಆಶ್ರಮಗಳ ಊಟದ ಹೊತ್ತನ್ನು ನಿರ್ಧರಿಸುವುದು ಕೊನೆಯ ಬಸ್ಸು. ಅಡುಗೆಯವರು ಏಳು ಗಂಟೆಯ ಬಸ್ಸು ಹಿಡಿಯಬೇಕು, ಹಾಗಾಗಿ ಆರಕ್ಕೇ ರಾತ್ರಿ ಊಟ. ಮರುದಿನದ ಆಸ್ರಿಗೆ ಎಂಟೂವರೆಗೆ. ನಡುವೆ ಹದಿನಾಲ್ಕೂವರೆ ಗಂಟೆ ಖಾಲಿ ಹೊಟ್ಟೆ. ರಾತ್ರಿ ಊಟಕ್ಕೂ ಬೆಳಗಿನ ತಿಂಡಿಗೂ 14 ಗಂಟೆಗಿಂತ ಹೆಚ್ಚು ಅಂತರ ಇರಬಾರದು. ಅಡುಗೆಯವರನ್ನು ತಡೆಯಲಾಗದಿದ್ದರೆ ಅಡುಗೆ ಆರಕ್ಕೆ ಮುಗಿದು ಬಿಸಿ ಡಬ್ಬಿ ಸೇರಲಿ, ಬಡಿಸುವುದು ಏಳೂಕಾಲಿಗೆ ಉಳಿದವರ ಕೈಯಿಂದ ಆಗಲಿ. ಒಂಬತ್ತಕ್ಕೆ ಒಂದು ಲೋಟ ಹಾಲು ಅಥವಾ ರಾಗಿ ಅಂಬಲಿ. ಬೆಳಿಗ್ಗೆ ಏಳೂವರೆಗೆ ತೆಳ್ಳೇವೋ (ತೆಳು ದೋಸೆ) ಇಡ್ಲಿಯೋ.

ಮಧ್ಯಾಹ್ನದ ಊಟವನ್ನೇ ದೊಡ್ಡ ಪಂಕ್ತಿ ಮಾಡಿ, ಹನ್ನೆರಡೂವರೆಗೆ. ಮೂರೂ ಹೊತ್ತು ಒಮ್ಮೆಲೇ ಬದಲಿಸಲು ಹೋದರೆ ಎರಡೇ ವಾರಕ್ಕೆ ಸಿಬ್ಬಂದಿ ಸೋತುಹೋಗುತ್ತಾರೆ.

ಹೊತ್ತಿಗೂ ಔಷಧಿಗೂ ಗಂಟು ಇದೆ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಆಸ್ರಿಗೆಗೆ ಅರ್ಧದಿಂದ ಒಂದು ಗಂಟೆ ಮೊದಲು, ಬರೀ ನೀರಿನಲ್ಲಿ. ಪಾರ್ಕಿನ್‌ಸನ್ ಇರುವವರ ಲೆವೊಡೋಪ ಮಾತ್ರೆಯನ್ನು, ಡಾಕ್ಟರು ಒಪ್ಪಿದರೆ, ಊಟಕ್ಕೆ ಅರ್ಧ ಗಂಟೆ ಮೊದಲು ಕೊಟ್ಟರೆ ಕೈನಡುಕ ತುಸು ಹಿಡಿತಕ್ಕೆ ಬಂದಾಗ ತಟ್ಟೆ ಎದುರಿಗೆ ಬರುತ್ತದೆ. ಪಕ್ಕದವರ ಮೇಲೆ ಸಾರು ಚೆಲ್ಲಿದೆನೆಂಬ ನಾಚಿಕೆ ತಪ್ಪುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುವ ಇನ್ಸುಲಿನ್ ಆದರೆ ಒಂದು ಕಟ್ಟುನಿಟ್ಟು: ಅನ್ನದ ಪಾತ್ರೆ ಒಲೆಯಿಂದ ಇಳಿದ ಮೇಲೆಯೇ ಸೂಜಿ. ಗಡಿಯಾರ ನೋಡಿ ಹನ್ನೆರಡಕ್ಕೆ ಚುಚ್ಚಿ, ಅನ್ನ ಬೇಯದೆ ಒಂದೂಕಾಲಾದರೆ ಸಕ್ಕರೆ ಅಂಶ ಕುಸಿಯುತ್ತದೆ. ಬೆವರು, ನಡುಕ, ತೊದಲು ಮಾತು ಕಂಡರೆ ಗ್ಲುಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದು, ಎಚ್ಚರವಿದ್ದು, ನುಂಗಬಲ್ಲವರಾದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ.

ಜಾಗ, ಬೆಳಕು, ತಟ್ಟೆ

ಹಳೆಯ ಹಂಚಿನ ಮನೆಯನ್ನೇ ಆಶ್ರಮ ಮಾಡಿಕೊಂಡ ಕಡೆ ಊಟದ ಜಾಗ ಸಾಮಾನ್ಯವಾಗಿ ಒಳ ಜಗಲಿ. ಆಷಾಢದ ಮಧ್ಯಾಹ್ನ ಅಲ್ಲಿ ದೀಪ ಹಚ್ಚುವ ಹೊತ್ತಿನಷ್ಟು ಕತ್ತಲು. ಪೊರೆ ಬಂದ ಕಣ್ಣಿಗೆ ತಟ್ಟೆಯಲ್ಲಿ ಏನಿದೆಯೆಂದೇ ಕಾಣುವುದಿಲ್ಲ, ಕಾಣದ್ದನ್ನು ಯಾರೂ ಬಾಯಿಗೆ ಹಾಕುವುದಿಲ್ಲ. ಮೇಜಿನ ನೇರ ಮೇಲೆ ದೀಪ ಬೇಕು. ಸ್ಟೀಲ್ ತಟ್ಟೆ ಟ್ಯೂಬ್‌ಲೈಟಿಗೆ ಮಿಂಚುತ್ತದೆ. ಬಿಳಿ ಪಿಂಗಾಣಿಯಲ್ಲಿ ಬಿಳಿ ಅನ್ನ, ಮೊಸರು ಕರಗಿಹೋಗುತ್ತವೆ. ಮರೆವಿನ ಕಾಯಿಲೆಯವರಿಗೆ ಗಾಢ ಬಣ್ಣದ ತಟ್ಟೆಯಲ್ಲಿ ಕೊಟ್ಟಾಗ ಅವರು ಹೆಚ್ಚು ಉಂಡದ್ದನ್ನು ಅಮೆರಿಕದಲ್ಲಿ ಒಂದು ಸಣ್ಣ ಗುಂಪಿನ ಮೇಲೆ ನೋಡಿ ತೋರಿಸಿದ್ದಾರೆ. ನಮಗೆ ಅಷ್ಟು ದೂರ ಹೋಗಬೇಕಿಲ್ಲ. ಹಿತ್ತಲಲ್ಲಿ ಬಾಳೆಯಿದೆ. ಹಸಿರು ಎಲೆಯ ಮೇಲೆ ಅನ್ನ ಎದ್ದು ಕಾಣುತ್ತದೆ, ಎಡತುದಿಯ ಉಪ್ಪಿನಕಾಯಿಯಿಂದ ಹಿಡಿದು ಎಲ್ಲಿ ಏನಿರುತ್ತದೆಂದು ಕೈಗೇ ಗೊತ್ತು. ಎಲೆ ಜಾರುತ್ತದೆಂದರೆ ಅಂಚಿರುವ ಅಗಲ ತಟ್ಟೆಯೊಳಗೆ ಕತ್ತರಿಸಿ ಹಾಸಿ. ಅಂಚು ಇದ್ದರೆ ಒಂದೇ ಕೈ ಆಡುವವರೂ ಅನ್ನವನ್ನು ಅದಕ್ಕೆ ಒತ್ತಿ ತುತ್ತು ಮಾಡಿಕೊಳ್ಳುತ್ತಾರೆ.

ನೆಲದ ಮೇಲೆ ಮಣೆ ಹಾಕಿ ಕೂರಿಸುವ ಆಸೆ ಬಿಡಿ. ಕೂತವರನ್ನು ಎಬ್ಬಿಸುವಾಗ ಸೊಂಟ ಹೋಗುವುದು ಅವರದ್ದೂ ನಿಮ್ಮದ್ದೂ. ಕೈತಾಳು (ಕೈ ಊರುವ ಪಟ್ಟಿ) ಇರುವ, ಸುಮಾರು 45 ಸೆಂ.ಮೀ. ಎತ್ತರದ ಕುರ್ಚಿ, 72–75 ಸೆಂ.ಮೀ. ಎತ್ತರದ ಮೇಜು. ಪಾದ ಪೂರ್ತಿ ನೆಲಕ್ಕೆ ತಾಗಬೇಕು. ತಾಗದಿದ್ದರೆ ಆ ಮಣೆಯನ್ನು ಕಾಲಡಿಗೆ ಇಡಿ, ಅದಕ್ಕೂ ಒಂದು ಕೆಲಸವಾಯಿತು. ಕಾಲು ತೂಗಾಡಿದರೆ ಬೆನ್ನು ಕುಸಿಯುತ್ತದೆ, ಕುಸಿದು ಕೂತವರಿಗೆ ನುಂಗುವುದು ಕಷ್ಟ. ಮೇಜು ಕೊಳ್ಳುವ ಮೊದಲು ಮನೆಯಲ್ಲಿರುವ ಗಾಲಿಕುರ್ಚಿಯ ಕೈತಾಳಿನ ಎತ್ತರ ಅಳೆದುಕೊಳ್ಳಿ. ಅದು ಮೇಜಿನಡಿಗೆ ಹೋಗದಿದ್ದರೆ ಅದರಲ್ಲಿ ಕೂತವರು ತಟ್ಟೆಯಿಂದ ಒಂದು ಮೊಳ ದೂರ ಉಳಿದು ಅನ್ನವೆಲ್ಲ ಮಡಿಲಿಗೆ ಬೀಳುತ್ತದೆ.

ಬೀಳುವ ಅಪಾಯ ಹೆಚ್ಚಿರುವುದು ಉಂಡು ಕೈ ತೊಳೆಯಲು ಹೋಗುವಾಗ. ಒದ್ದೆ ಗಾರೆ ನೆಲ, ಎಲ್ಲರೂ ಒಮ್ಮೆಲೇ ಎದ್ದ ಗದ್ದಲ. ಬೋಗುಣಿ, ಚೊಂಬು, ಟವೆಲು ಮೇಜಿಗೇ ಬರಲಿ. ಟೀವಿ ಬಂದ್, ಮಿಕ್ಸರಿನ ಕೆಲಸ ಊಟಕ್ಕೆ ಮೊದಲೇ ಮುಗಿದಿರಲಿ. ಶ್ರವಣಯಂತ್ರ ಹಾಕಿಕೊಂಡವರಿಗೆ ಮಾತಿಗಿಂತ ಪಾತ್ರೆಯ ಸದ್ದೇ ದೊಡ್ಡದಾಗಿ ಕೇಳುತ್ತದೆ.

ಯಾರ ಪಕ್ಕ ಯಾರು

ಒಂದು ಮೇಜಿಗೆ ನಾಲ್ವರಿಂದ ಆರು ಜನ. ಉದ್ದ ಸಾಲಿನಲ್ಲಿ ಪಕ್ಕದವರ ಕಿವಿಯಷ್ಟೇ ಕಾಣುವುದು, ಮುಖ ಕಾಣುವುದಿಲ್ಲ. ಹಾಗಾಗಿ ಪಂಕ್ತಿಯ ಕಟ್ಟಳೆ ಇಟ್ಟುಕೊಂಡು ಸಾಲನ್ನು ಮಾತ್ರ ಮುರಿಯಬೇಕು.

ಕೂರಿಸುವಾಗ ಮೊದಲು ನೋಡಬೇಕಾದ್ದು ಭಾಷೆ. ಕಾರವಾರದ ಕೊಂಕಣಿ ಅಜ್ಜಿಯನ್ನು ಶಿರಸಿ ಸೀಮೆಯ ಹವ್ಯಕ ಮಾತಿನ ಮೂವರ ನಡುವೆ ಕೂರಿಸಿದರೆ ಅವರು ತಲೆ ಬಗ್ಗಿಸಿ ಉಂಡು ಎದ್ದುಹೋಗುತ್ತಾರೆ. ಕೊಂಕಣಿ ಬಲ್ಲ ಒಬ್ಬರಾದರೂ ಆ ಮೇಜಿನಲ್ಲಿರಲಿ. ಆಮೇಲೆ ಕಿವಿ: ಚೆನ್ನಾಗಿ ಕೇಳುವ ಕಿವಿಯ ಕಡೆಗೆ ಮಾತುಗಾರರು. ಪಾರ್ಶ್ವವಾಯು ಬಂದು ಎಡಗಡೆ ಗಮನ ಹೋದವರಿಗೆ ತಟ್ಟೆಯೂ ಸ್ನೇಹಿತರೂ ಬಲಕ್ಕೆ. ಮೂರನೆಯದು ವೇಗ. ನಿಧಾನ ಉಣ್ಣುವವರನ್ನು ಅವಸರದವರ ಜೊತೆ ಹಾಕಿದರೆ ಎಲ್ಲರೂ ಏಳುವಾಗ ಅವರೂ ಅರ್ಧಕ್ಕೇ ಎದ್ದುಬಿಡುತ್ತಾರೆ. ಅಂಥವರಿಗೆ ಹದಿನೈದು ನಿಮಿಷ ಮೊದಲೇ ತಂಬುಳಿಯೋ ಪಲ್ಯವೋ ಬಡಿಸಿ ಶುರು ಮಾಡಿಸಿ. ಒಟ್ಟು ಊಟಕ್ಕೆ 45 ನಿಮಿಷ ಇಟ್ಟುಕೊಳ್ಳಿ.

ಇನ್ನು ಜಾತಿ. ‘ನಮ್ಮವರ ಪಂಕ್ತಿ ಬೇರೆ’ ಎನ್ನುವವರು ಇನ್ನೂ ಇದ್ದಾರೆ, ಅವರ ಮಕ್ಕಳು ಇನ್ನೂ ಜೋರಾಗಿ ಎನ್ನುತ್ತಾರೆ. ಸೇರಿಸಿಕೊಳ್ಳುವ ದಿನವೇ ಹೇಳಿಬಿಡಿ: ಜಾತಿಗೊಂದು ಮೇಜಿಲ್ಲ. ಒಮ್ಮೆ ಬಿಟ್ಟುಕೊಟ್ಟರೆ ತಿಂಗಳೊಳಗೆ ಊಟದ ಮನೆ ನಾಲ್ಕು ಪಾಲಾಗುತ್ತದೆ. ಆದರೆ ಮೀನು ತಿನ್ನದವರ ತೊಂದರೆ ಬೇರೆ, ಅದನ್ನು ಗೌರವಿಸಲೇಬೇಕು. ಮೀನಿನ ವಾರ ಗೊತ್ತುಮಾಡಿ, ಪಾತ್ರೆ ಸೌಟು ಬೇರೆ ಇಡಿ, ಬಂಗಡೆ ಸಾರು ಮುಚ್ಚಿದ ಪಾತ್ರೆಯಲ್ಲೇ ಬರಲಿ, ಬಡಿಸುವ ಕೈ ಬೇರೆಯಾಗಲಿ. ಸಸ್ಯಾಹಾರಿಗಳಿಗೆ ಗಾಳಿ ಬರುವ ಕಿಟಕಿ ಪಕ್ಕ ಕೊಡಿ. ಕೂರುವ ಕೋಣೆ ಒಂದೇ. ಮಡಿಯವರು ಮಿಂದು ಬೇರೆ ಬಟ್ಟೆ ಉಟ್ಟು ಮೊದಲು ಬಂದು ಕೂರಲಿ, ಅದರಿಂದ ಯಾರಿಗೂ ನಷ್ಟವಿಲ್ಲ. ಏಕಾದಶಿ, ಸಂಕಷ್ಟಿ, ಶುಕ್ರವಾರ, ರಂಜಾನು, ಈಸ್ಟರಿಗೆ ಮೊದಲಿನ ವ್ರತ ಯಾರ್ಯಾರಿಗೆ ಎಂಬುದು ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿರಲಿ. ಉಪವಾಸದ ದಿನವೂ ಅವರು ಮೇಜಿಗೆ ಬರಲಿ. ಹಾಲು ಹಣ್ಣಾದರೂ ಎದುರಿಗಿರಲಿ. ಸಕ್ಕರೆ ಕಾಯಿಲೆಯವರ ಉಪವಾಸವನ್ನು ಮಾತ್ರ ಡಾಕ್ಟರನ್ನು ಕೇಳದೆ ಬಿಡಬೇಡಿ.

ಹಳೆಯ ತಲೆಮಾರಿನ ಹೆಂಗಸರದ್ದು ಇನ್ನೊಂದು ಕಗ್ಗಂಟು. ಜೀವಮಾನವೆಲ್ಲ ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಅಡುಗೆಮನೆಯಲ್ಲಿ ಕೂತು ಉಂಡವರು ಅವರು. ‘ಗಂಡಸರದ್ದಾಗಲಿ’ ಎಂದು ಕೈ ಹಿಂದೆ ಎಳೆದುಕೊಳ್ಳುತ್ತಾರೆ. ಉಪದೇಶದಿಂದ ಪ್ರಯೋಜನವಿಲ್ಲ. ಕೈಗೆ ತುಪ್ಪದ ಗಿಂಡಿ ಕೊಡಿ. ಹಗುರ, ಬಿಸಿಯಿಲ್ಲ, ಕೂತಲ್ಲಿಂದಲೇ ತಮ್ಮ ಮೇಜಿನವರಿಗೆ ಒಂದೊಂದು ಚಮಚ ಬಡಿಸಬಹುದು. ಕೊನೆಯ ಚಮಚ ತಮಗೆ ಹಾಕಿಕೊಂಡ ಮೇಲೆ ಉಣ್ಣಲು ಅಡ್ಡಿಯಿರುವುದಿಲ್ಲ. ಗಂಡಸರಿಗೂ ಕೆಲಸವಿದೆ: ಎಲೆ ಒರೆಸುವುದು, ನೀರಿನ ಲೋಟ ಜೋಡಿಸುವುದು, ಬಂದವರ ಎಣಿಕೆ.

ಎಲ್ಲರನ್ನೂ ‘ಅಜ್ಜಿ’ ‘ಅಜ್ಜ’ ಎಂದು ಒಂದೇ ರಾಗದಲ್ಲಿ ಕರೆಯುವುದೂ ಒಂದು ಬಗೆಯ ಗುಳಿತಟ್ಟೆಯೇ. ಊರಲ್ಲಿ ಅವರನ್ನು ಹೇಗೆ ಕರೆಯುತ್ತಿದ್ದರೋ ಹಾಗೆ: ಮಾಸ್ತರ್ರೇ, ಅಕ್ಕೋರೇ, ಹೆಗಡೇರೇ, ನಾಯ್ಕರೇ, ಬಾಯೀ. ‘ಅಕ್ಕೋರೇ, ಇನ್ನೊಂಚೂರು ಹಾಕ್ಲಾ?’ ಎಂದು ಕೇಳಿದರೆ ನಲವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವರು ಬೆನ್ನು ನೇರ ಮಾಡಿ ಕೂರುತ್ತಾರೆ.

ಅಳತೆ ಮತ್ತು ಬಡಿಸುವ ಕ್ರಮ

20 ಜನರ ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಒಂದೂವರೆ ಕಿಲೋ, ತೊಗರಿಬೇಳೆ 600 ಗ್ರಾಂ, ತರಕಾರಿ 3 ಕಿಲೋ, ಮೊಸರು ಅಥವಾ ಗಟ್ಟಿ ಮಜ್ಜಿಗೆ 2 ಲೀಟರು, ತಂಬುಳಿ 2 ಲೀಟರು. ಜೊತೆಗೆ ಕೂತು ಉಣ್ಣುವ ಸಿಬ್ಬಂದಿಯ ಪಾಲು ಇದಕ್ಕೆ ಬೇರೆ. ಕುಚ್ಚಲಕ್ಕಿಯನ್ನು ಒಂದು ಗಂಟೆ ನೆನೆಸಿ, ಐದು ಪಾಲು ನೀರಿಟ್ಟು, ಅಗುಳು ಬೆರಳಿಗೆ ಸುಲಭವಾಗಿ ನುರಿಯುವಷ್ಟು ಬೇಯಿಸಿ. ನಮ್ಮ ಮನೆಗಳ ಬಿಡಿಬಿಡಿ ಅಗುಳಿನ ಅನ್ನ ಹಲ್ಲಿದ್ದವರಿಗೆ.

ಹಿರಿಯರಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ ಒಂದು ಗ್ರಾಮಿನಂತೆಯಾದರೂ ಪ್ರೋಟೀನು ಬೇಕು. 50 ಕಿಲೋದವರಿಗೆ 50 ಗ್ರಾಂ. ಮೇಲಿನ ಊಟದಿಂದ ಸಿಗುವುದು ಸುಮಾರು 15. ರಾತ್ರಿ ಬರೀ ಗಂಜಿ–ಉಪ್ಪಿನಕಾಯಿ ಆದರೆ ನಾಲ್ಕೈದು ಗ್ರಾಂ ಅಷ್ಟೆ, ಇಡೀ ಲೆಕ್ಕ ತಪ್ಪುತ್ತದೆ. ಗಂಜಿಗೆ ತಲೆಗೆ 20 ಗ್ರಾಂ ಹೆಸರುಬೇಳೆ ಸೇರಿಸಿದರೆ ಇನ್ನೈದು ಗ್ರಾಂ ಬಂತು. ತಿನ್ನುವವರಿಗೆ ಮೊಟ್ಟೆ, ಮೀನು. ಮೀನಿನಲ್ಲಿ ತಾರ್ಲೆಯ ಸಣ್ಣ ಮುಳ್ಳು ಮುದಿ ಬಾಯಿಗೆ ಸಿಗುವುದೇ ಇಲ್ಲ, ಗಂಟಲಿಗೆ ಸಿಗುತ್ತದೆ. ಕಾಣೆ, ಇಸ್ವಾಣ ವಾಸಿ. ಬಂಗಡೆಯಾದರೆ ನಡುಮುಳ್ಳು ಎಳೆದು, ಅಂಚು ತೆಗೆದು, ಬೆಳಕಿನಲ್ಲಿ ಬೆರಳಾಡಿಸಿ ನೋಡಿ ಬಡಿಸಿ.

ಬಡಿಸುವಾಗ ತಟ್ಟೆ ತುಂಬಬೇಡಿ. ರಾಶಿ ಕಂಡೇ ಹೊಟ್ಟೆ ತುಂಬುವ ವಯಸ್ಸು ಅದು. ಮೊದಲ ಸುತ್ತು ಸಣ್ಣ ಸೌಟು, ಮತ್ತೆ ಎರಡನೇ ಸುತ್ತು, ಮೂರನೆಯದು ಮಜ್ಜಿಗೆಗೆ. ಉಪಚಾರ ಎನ್ನುವುದು ಈ ಎರಡನೇ ಸುತ್ತಿನಲ್ಲಿದೆ. ‘ಬೇಕಾ?’ ಎಂದು ನಿಂತಲ್ಲಿಂದಲೇ ಕೂಗಿದರೆ ‘ಬೇಡ’ ಎಂದೇ ಉತ್ತರ ಬರುತ್ತದೆ, ಸಂಕೋಚಕ್ಕೆ. ಪಾತ್ರೆಯನ್ನು ಕಣ್ಣಿಗೆ ಕಾಣುವಂತೆ ಬಗ್ಗಿಸಿ ಹಿಡಿದು, ‘ಮೊಗೆಕಾಯಿ ಹುಳಿ ಇವತ್ತು ಸಮಾ ಆಗಿದೆ, ಅರ್ಧ ಸೌಟು’ ಎಂದರೆ ಕೈ ಅಡ್ಡ ಬರುವುದು ಕಡಿಮೆ. ಎರಡನೇ ಸಲವೂ ಕೈ ಅಡ್ಡ ಹಿಡಿದರೆ ಬಿಡಿ. ಮದುವೆಮನೆಯ ಒತ್ತಾಯ ಇಲ್ಲಿ ಬೇಡ.

ಸಿಬ್ಬಂದಿಯಲ್ಲಿ ಒಬ್ಬರು ದಿನಾ ಒಂದೊಂದು ಮೇಜಿನಲ್ಲಿ ಕೂತು ಅದೇ ಅಡುಗೆ ಉಣ್ಣಬೇಕು. ಜೊತೆಗೆ ಕೂತವರಿಗೆ ಸಾರಿನಲ್ಲಿ ಉಪ್ಪು ಸಾಲದ್ದು ಗೊತ್ತಾಗುತ್ತದೆ, ಯಾರು ಅನ್ನವನ್ನು ಎಲೆಯಡಿಗೆ ತಳ್ಳುತ್ತಿದ್ದಾರೆಂಬುದೂ. ಆಡಳಿತದವರು ‘ಸಿಬ್ಬಂದಿಗೆ ಪುಕ್ಕಟೆ ಊಟ’ ಎಂದು ಇದರ ಖರ್ಚು ನೋಡಿ ಮುಖ ಗಂಟಿಕ್ಕುತ್ತಾರೆ. ಒಂದು ಊಟದ ಅಕ್ಕಿ 75 ಗ್ರಾಂ.

ಗಂಜಿ ಎಲ್ಲರಿಗೂ ಸುಲಭವಲ್ಲ

ಹುಷಾರಿಲ್ಲದವರಿಗೆ ಗಂಜಿ ಎಂಬುದು ನಮಗೆ ರಕ್ತದಲ್ಲೇ ಬಂದ ನಂಬಿಕೆ. ನುಂಗುವ ತೊಂದರೆ ಇರುವವರಿಗೆ ಅದೇ ಗಂಜಿ ಅಪಾಯ. ತೆಳಿ ನೀರಿನಂತೆ ಓಡುತ್ತದೆ, ಅಗುಳು ಬಾಯಲ್ಲಿ ಉಳಿಯುತ್ತದೆ. ಅಗುಳು ಅಗಿಯುತ್ತಿರುವಾಗಲೇ ತೆಳಿ ಗಂಟಲಿಗೆ ಇಳಿದು ಶ್ವಾಸನಾಳ ಸೇರುತ್ತದೆ. ಅನ್ನ–ತಂಬುಳಿ, ಹಾಲು–ಅವಲಕ್ಕಿ, ಚಹಾದಲ್ಲಿ ಅದ್ದಿದ ಬಿಸ್ಕತ್ತಿನದ್ದೂ ಅದೇ ಕಥೆ. ಉಣ್ಣುವಾಗ ಕೆಮ್ಮು, ಉಂಡ ಮೇಲೆ ಒದ್ದೆ ಒದ್ದೆ ದನಿ, ಮತ್ತೆ ಮತ್ತೆ ಬರುವ ಜ್ವರ–ಕಫ, ಕೆನ್ನೆಯಲ್ಲಿ ಉಳಿದ ಅನ್ನ ಕಂಡರೆ ಡಾಕ್ಟರು ಅಥವಾ ನುಂಗುವಿಕೆ ನೋಡುವ ಚಿಕಿತ್ಸಕರಿಗೆ ತೋರಿಸಿ. ಯಾರಿಗೆ ಎಷ್ಟು ಮಂದ, ಎಷ್ಟು ಮೆದು ಎಂದು ಹೇಳಬೇಕಾದವರು ಅವರು. ಅವರು ಹೇಳಿದ ಹದ ದಿನಾ ಅಡುಗೆಮನೆಯಲ್ಲಿ ಬರುತ್ತಿದೆಯೇ ಎಂದು ನೋಡುವುದು ನಿಮ್ಮ ಕೆಲಸ.

ಅದಕ್ಕೆ ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಕ್ರಮದಲ್ಲಿ ಸರಳ ಪರೀಕ್ಷೆಗಳಿವೆ. ಸೊನ್ನೆಯಿಂದ 10 ಮಿ.ಲೀ. ಗೆರೆಯವರೆಗೆ 61.5 ಮಿ.ಮೀ. ಉದ್ದವಿರುವ ಸೂಜಿಯಿಲ್ಲದ ಸಿರಿಂಜು ತನ್ನಿ. ತುದಿಗೆ ಬೆರಳು ಹಿಡಿದು 10 ಮಿ.ಲೀ. ತುಂಬಿ, 10 ಸೆಕೆಂಡು ಹರಿಯಲು ಬಿಟ್ಟು ಮತ್ತೆ ಬೆರಳು ಹಿಡಿಯಿರಿ. ಉಳಿದದ್ದು 1 ಮಿ.ಲೀ.ಗಿಂತ ಕಡಿಮೆಯಾದರೆ ನೀರಿನಷ್ಟು ತೆಳು. 1ರಿಂದ 4 ಆದರೆ ತುಸು ಮಂದ. 4ರಿಂದ 8 ಆದರೆ ಇನ್ನೊಂದು ಹಂತ ಮಂದ. 8ಕ್ಕಿಂತ ಹೆಚ್ಚು ಉಳಿದೂ ತೊಟ್ಟಿಕ್ಕುತ್ತಿದ್ದರೆ ಗಟ್ಟಿ ಅಂಬಲಿ. ಘನ ಪದಾರ್ಥದಲ್ಲಿ ‘ಮೆದು ತುಂಡು’ ಹೇಳಿದವರಿಗೆ ಒಂದೂವರೆ ಸೆಂ.ಮೀ.ಗಿಂತ ದೊಡ್ಡದಿರಬಾರದು. ‘ಕೊಚ್ಚಿದ್ದು’ ಹೇಳಿದವರಿಗೆ 4 ಮಿ.ಮೀ., ಅಂದರೆ ಫೋರ್ಕಿನ ಎರಡು ಹಲ್ಲುಗಳ ನಡುವಿನ ಸಂದಿಯಷ್ಟು. ಹೆಬ್ಬೆರಳ ಉಗುರು ಬೆಳ್ಳಗಾಗುವಷ್ಟು ಫೋರ್ಕಿನಲ್ಲಿ ಒತ್ತಿದಾಗ ತುಂಡು ನುರಿದು, ಮತ್ತೆ ಮೊದಲಿನ ಆಕಾರಕ್ಕೆ ಬರಬಾರದು. ಬಾಳೆದಿಂಡಿನ ನಾರು, ಹಲಸಿನಕಾಯಿಯ ಸಿಪ್ಪೆ, ಅವರೆಯ ತೊಗಲು ಈ ಪರೀಕ್ಷೆಯಲ್ಲಿ ಸೋಲುತ್ತವೆ.

ಗಂಜಿಯನ್ನೇ ಉಳಿಸಿಕೊಳ್ಳಬೇಕೆಂದರೆ ಅಗುಳು ಕರಗುವ ತನಕ ಬೇಯಿಸಿ, ಕಡಗೋಲಿನಲ್ಲಿ ಕಡೆದು ಜರಡಿ ಹಿಡಿಯಿರಿ. ತೆಳಿ ಬೇರೆ ಆಗದೆ ಒಂದೇ ಮುದ್ದೆಯಾಗಿ ಚಮಚದಿಂದ ಜಾರಬೇಕು. ಆದರೆ ಅಂಟಂಟಾಗಬಾರದು, ಆರಿದ ಗಂಜಿ ಅಂಗುಳಿಗೆ ಮೆತ್ತಿಕೊಳ್ಳುತ್ತದೆ, ಹಾಗಾಗಿ ಬಡಿಸುವಾಗ ಮತ್ತೊಮ್ಮೆ ಹದ ನೋಡಿ. ಒಂದೆಲಗದ ತಂಬುಳಿಯನ್ನೂ ಪಲ್ಯವನ್ನೂ ಅನ್ನದ ಜೊತೆ ಕಲಸಿ ರುಬ್ಬಿ ಹಸಿರು ಬೂದು ಮುದ್ದೆ ಮಾಡಬೇಡಿ. ಬೇರೆ ಬೇರೆ ರುಬ್ಬಿ, ಬೇರೆ ಬೇರೆ ಬಟ್ಟಲಿನಲ್ಲಿ, ಉಳಿದವರ ಎಲೆಯಲ್ಲಿ ಇರುವ ಜಾಗದಲ್ಲೇ ಇಡಿ. ಇಂಥವರನ್ನು ಮೂಲೆಯಲ್ಲಿ ಕೂರಿಸಿ ಉಣ್ಣಿಸುವ ರೂಢಿ ಹೋಗಬೇಕು. ಉಣ್ಣಿಸುವವರು ಕೂತು, ಕಣ್ಣು ಸಮಕ್ಕೆ ಬರುವಂತೆ, ಟೀ ಚಮಚದಲ್ಲಿ, ಗಂಟಲು ಏರಿ ಇಳಿದದ್ದು ನೋಡಿ ಮುಂದಿನದ್ದು ಕೊಡಿ. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ.

ಗಂಟಲಿಗೆ ಸಿಕ್ಕಿಕೊಂಡು ದನಿಯೇ ಹೊರಡದಿದ್ದರೆ ಮುಂದಕ್ಕೆ ಬಗ್ಗಿಸಿ ಹೆಗಲ ಎಲುಬುಗಳ ನಡುವೆ ಅಂಗೈಯ ಬುಡದಿಂದ 5 ಪೆಟ್ಟು, ಆಗದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ತುಸು ಮೇಲೆ ಒಳಕ್ಕೆ–ಮೇಲಕ್ಕೆ 5 ಒತ್ತು, ಮತ್ತೆ ಅದೇ ಸರದಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಊಟದ ಹೊತ್ತಿಗೆ ಇದನ್ನು ಕಲಿತ ಒಬ್ಬರಾದರೂ ಕೋಣೆಯಲ್ಲಿರಬೇಕು.

ಕೈತುತ್ತು

ಮರೆವಿನ ಕಾಯಿಲೆ ಹೆಚ್ಚಾದವರು ತಟ್ಟೆ ನೋಡುತ್ತ ಕೂತುಬಿಡುತ್ತಾರೆ. ಚಮಚ ಏಕೆಂದು ಗೊತ್ತಾಗುವುದಿಲ್ಲ, ಐದು ಬಗೆ ಒಟ್ಟಿಗೆ ಬಂದರೆ ಗೊಂದಲ. ಅವರಿಗೆ ಬಾಯಿಗೆ ಇಡುವ ಮೊದಲು ಕೈಗೆ ಇಟ್ಟು ನೋಡಿ. ಮೆದು ಅನ್ನ, ಬೇಳೆ, ಅರ್ಧ ಚಮಚ ತುಪ್ಪ ಕಲಸಿ, ಬೆಟ್ಟದ ನೆಲ್ಲಿಕಾಯಿ ಗಾತ್ರದ ತುತ್ತು ಕಟ್ಟಿ ಅಂಗೈಯಲ್ಲಿಡಿ. ಬೆರಳು ಮಡಚುತ್ತವೆ, ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಹೋಗದಿದ್ದರೆ ಮೊಣಕೈ ಕೆಳಗೆ ನಿಮ್ಮ ಕೈ ಕೊಟ್ಟು ಮೊದಲ ತುತ್ತಿಗೆ ದಾರಿ ತೋರಿಸಿ. ಮೇಜಿನ ಉಳಿದವರೂ ಉಣ್ಣುತ್ತಿರುವುದು ಕಣ್ಣಿಗೆ ಬೀಳುವಂತೆ ಎದುರಿಗೇ ಕೂರಿಸಿ; ನೋಡಿ ಮಾಡುವುದು ಕೊನೆಯವರೆಗೂ ಉಳಿಯುವ ವಿದ್ಯೆ. ತೆಳ್ಳೇವಿನ ಸುರುಳಿ, ಕಾಲುಭಾಗ ಇಡ್ಲಿ, ಬೇಯಿಸಿದ ಗೆಣಸಿನ ಹೋಳು ಇವರಿಗೆ ಒಳ್ಳೆಯವು.

ಅನ್ನದಾನಕ್ಕೆ ಬರುವವರು

ಹುಟ್ಟಿದ ಹಬ್ಬ, ತಂದೆಯ ತಿಥಿ ಎಂದು ಒಂದು ಹೊತ್ತಿನ ಊಟ ಕೊಡುವವರಿಂದಲೇ ಎಷ್ಟೋ ಆಶ್ರಮ ನಡೆಯುತ್ತವೆ. ಅವರನ್ನು ನೋಯಿಸದೆ ಕೆಲವು ಮಾತು ಮೊದಲೇ ಹೇಳಬೇಕು, ಬರೆದೇ ಕೊಟ್ಟರೆ ಒಳ್ಳೆಯದು. ಭಾಷಣ ಊಟದ ನಂತರ. ಹನ್ನೆರಡೂವರೆಗೆ ಬಡಿಸಿದ ಅನ್ನ ಒಂದೂಕಾಲಿನ ತನಕ ಆರುತ್ತಿದ್ದರೆ ಇನ್ಸುಲಿನ್ ತೆಗೆದುಕೊಂಡವರು ಕುರ್ಚಿಯಲ್ಲೇ ಬೆವರುತ್ತಾರೆ. ಉಣ್ಣುವವರ ಫೋಟೋ ಬೇಡ; ಜೊಲ್ಲು ಸೋರುವ ಬಾಯಿಯ ಚಿತ್ರ ಊರ ಮೊಬೈಲುಗಳಲ್ಲಿ ತಿರುಗುವುದನ್ನು ಯಾರೂ ಬಯಸರು. ಸಿಹಿ ಒಂದೇ ಬಗೆ. ಹೋಳಿಗೆ, ಕೇಸರಿ, ಲಾಡು ಮೂರೂ ಬಂದ ದಿನ ರಾತ್ರಿ ಅರ್ಧ ಜನ ಉಣ್ಣುವುದಿಲ್ಲ, ಮರುದಿನದ ಸಕ್ಕರೆ ಲೆಕ್ಕ ಕೇಳುವುದೇ ಬೇಡ. ಹೊರಗಿನಿಂದ ಬೇಯಿಸಿ ತರುವುದಾದರೆ ಬಿಸಿ ಇರಲಿ, ಬೆಂದು ಎರಡು ಗಂಟೆಯೊಳಗೆ ಬಡಿಸುವಂತಿರಲಿ. ಮಧ್ಯಾಹ್ನ ಹೊರಗಿಟ್ಟ ಅನ್ನವನ್ನು ರಾತ್ರಿ ಬಿಸಿ ಮಾಡಿದರೂ ಅದರಲ್ಲಿ ಆದ ವಿಷ ಹೋಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯ: ಕೊಟ್ಟವರು ನಿಂತು ಬಡಿಸಿ ಕೈಮುಗಿದು ಹೋಗಬಾರದು, ಮೇಜಿನಲ್ಲಿ ಕೂತು ಉಣ್ಣಬೇಕು. ಮನೆಯವರು ನೋಡಲು ಬರುವಾಗಲೂ ಅಷ್ಟೆ. ಮಧ್ಯಾಹ್ನ ಮೂರಕ್ಕೆ ಬಂದು ಬಾಳೆಹಣ್ಣು ಕೊಟ್ಟು ಹೋಗುವ ಮಗನಿಗೆ ‘ಹನ್ನೆರಡೂವರೆಗೆ ಬನ್ನಿ, ಎಲೆ ಹಾಕಿರ್ತೇವೆ’ ಎನ್ನಿ.

ಮಳೆಗಾಲ

ಕರೆಂಟು ಹೋದರೆ ಮಿಕ್ಸರು ನಿಲ್ಲುತ್ತದೆ, ಮಿಕ್ಸರು ನಿಂತರೆ ನುಂಗಲಾಗದವರ ಊಟ ನಿಲ್ಲುತ್ತದೆ. ಒರಳು, ಕಡಗೋಲು, ಎರಡು ಬಗೆಯ ಜರಡಿ ಅಟ್ಟದಿಂದ ಇಳಿಸಿಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಹಸಿ ಮೀನು ಅಪರೂಪ, ಒಣಮೀನಿನ ಉಪ್ಪು ಬಿಪಿಗೆ ಆಗದು. ಆ ಎರಡು ತಿಂಗಳು ಮೊಟ್ಟೆ, ಹೆಸರು, ಮೊಸರು ಹೆಚ್ಚಿಸಿ. 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಘಟ್ಟದ ದಾರಿಯೂ ಯಾವಾಗ ಕೈಕೊಡುತ್ತದೋ ಹೇಳಲಾಗದು. ಅಕ್ಕಿ, ಬೇಳೆ, ಗ್ಯಾಸು, ಔಷಧಿ ಹದಿನೈದು ದಿನಕ್ಕಾಗುವಷ್ಟು ಒಳಗಿರಲಿ.

ಬೇಸಿಗೆಯ ಸೆಕೆಗೆ ನೀರಿನ ಚಿಂತೆ. ದಿನಕ್ಕೆ ಹೆಂಗಸರಿಗೆ 1.6 ಲೀಟರು, ಗಂಡಸರಿಗೆ 2 ಲೀಟರಿನಷ್ಟು ಕುಡಿಯುವ ಪದಾರ್ಥ ಬೇಕು. ಹೃದಯ, ಮೂತ್ರಪಿಂಡದ ತೊಂದರೆಯವರಿಗೆ ಡಾಕ್ಟರು ಹೇಳಿದಷ್ಟು. ರಾತ್ರಿ ಎದ್ದು ಹೋಗಬೇಕೆಂಬ ಭಯಕ್ಕೆ ನೀರು ಬಿಡುವವರೇ ಹೆಚ್ಚು. ಮುರುಗಲು ಪಾನಕ, ನೀರು ಮಜ್ಜಿಗೆ ಸಂಜೆ ಐದರೊಳಗೆ ಮುಗಿಯಲಿ.

ಕವಳ, ಮತ್ತು ಊಟಕ್ಕೆ ಬಾರದವರು

ಉಂಡ ಕೂಡಲೇ ಎಬ್ಬಿಸಿ ಮಲಗಲು ಕಳಿಸಬೇಡಿ. ಮಾತು ನಿಜವಾಗಿ ಶುರುವಾಗುವುದು ಕವಳದ (ಎಲೆ–ಅಡಿಕೆಯ) ತಬಕು ಬಂದ ಮೇಲೆ. ಅಡಿಕೆ ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ಸಿದ್ಧವಾಗಿದೆ, ತಂಬಾಕಂತೂ ಹೇಳುವುದೇ ಬೇಡ. ಅಡಿಕೆ ಸೀಮೆಯಲ್ಲಿ ಇದನ್ನು ಹೇಳಿ ಒಳ್ಳೆಯವರಾಗುವುದು ಕಷ್ಟ. ತಬಕು ಇರಲಿ, ಅದರಲ್ಲಿ ಎಲೆ, ಲವಂಗ, ಏಲಕ್ಕಿ, ಕಾಯಿತುರಿ ಇಡಿ. ಅಗಿಯಲು ಆಗದವರಿಗೆ ಸೋಂಪಿನ ಕಷಾಯ.

ಬರುವುದಿಲ್ಲ ಎಂದು ಮಲಗೇ ಇರುವವರನ್ನು ಹಟಮಾರಿ ಎನ್ನುವ ಮೊದಲು ಬಾಯಿ ತೆರೆಸಿ ನೋಡಿ. ಸಡಿಲ ಹಲ್ಲುಸೆಟ್ಟು, ಬಾಯಿಹುಣ್ಣು, ಮಲಬದ್ಧತೆ, ನಡುವೆ ಮೂತ್ರ ಬಂದರೆಂಬ ಅಂಜಿಕೆ, ಮೇಜಿನ ಇನ್ನೊಬ್ಬರ ಚುಚ್ಚುಮಾತು: ಹೆಚ್ಚಾಗಿ ಇವುಗಳಲ್ಲಿ ಒಂದು. ಊಟಕ್ಕೆ ಕಾಲು ಗಂಟೆ ಮೊದಲು ಎಲ್ಲರನ್ನೂ ಶೌಚಕ್ಕೆ ಕರೆದೊಯ್ಯುವುದರಿಂದಲೇ ಒಬ್ಬಿಬ್ಬರು ಬರತೊಡಗುತ್ತಾರೆ. ಎರಡು ವಾರ ಕಳೆದರೂ ಯಾವುದರಲ್ಲೂ ಆಸಕ್ತಿಯಿಲ್ಲದೆ ಗೋಡೆಗೆ ಮುಖ ಹಾಕಿದ್ದರೆ ಅದು ಖಿನ್ನತೆಯಿರಬಹುದು, ಡಾಕ್ಟರು ನೋಡಬೇಕು. ಕೆಲವರಿಗೆ ಒಬ್ಬರೇ ಉಣ್ಣುವುದೇ ಇಷ್ಟ. ತೂಕ ನಿಂತಿದ್ದರೆ ಅವರನ್ನು ಅವರ ಪಾಡಿಗೆ ಬಿಡಿ.

ಮೇಜಿನಲ್ಲಿ ಒಬ್ಬರು ತೀರಿಕೊಂಡ ದಿನ ಏನು ಮಾಡಬೇಕೆಂಬುದು ಮೊದಲೇ ಗೊತ್ತಿರಲಿ. ಜೊತೆಯವರಿಗೆ ಊಟಕ್ಕೆ ಮೊದಲು, ಪಕ್ಕದಲ್ಲಿ ಕೂತು, ಹೆಸರು ಹಿಡಿದು ಹೇಳಿ. ಆಸ್ಪತ್ರೆಗೆ ಹೋಗಿದ್ದಾರೆ ಎಂದು ಮುಚ್ಚಿಡುವುದು ನಡೆಯುವುದಿಲ್ಲ. ಅವರು ಸಾವು ಕಂಡವರು, ಹೆಜ್ಜೆಸದ್ದಿನಲ್ಲೇ ತಿಳಿಯುತ್ತಾರೆ. ಕುರ್ಚಿಯನ್ನು ಅದೇ ಮಧ್ಯಾಹ್ನ ಎತ್ತಬೇಡಿ. ಎಷ್ಟು ದಿನ ಖಾಲಿ ಇರಬೇಕೆಂದು ಆ ಮೇಜಿನವರನ್ನೇ ಕೇಳಿ. ಮುಂದಿನ ಎರಡು ವಾರ ಅವರ ಪುಟಗಳಲ್ಲಿ ಕಾಲು, ಅರ್ಧ ಎಂದೇ ಬರುವುದುಂಟು. ಆಮೇಲೂ ಹಾಗೇ ಉಳಿದರೆ ತೂಕ ನೋಡಿ. ಹೊಸಬರನ್ನು ಕೂರಿಸುವ ದಿನ ಮೇಜನ್ನೇ ಸ್ವಲ್ಪ ತಿರುಗಿಸಿ, ಎಲ್ಲರ ಜಾಗವನ್ನೂ ಒಂದೊಂದು ಸರಿಸಿ, ಅವರಿಗೆ ‘ಹೋದವರ ಕುರ್ಚಿ’ ಸಿಗದಂತೆ ನೋಡಿಕೊಳ್ಳಿ. ತುಪ್ಪದ ಗಿಂಡಿ ಹಳಬರ ಕೈಯಲ್ಲಿರಲಿ, ಮೊದಲ ಚಮಚ ಹೊಸಬರ ಎಲೆಗೆ ಬೀಳಲಿ.